ಹಿಡಿದದ್ದನ್ನು ಬಿಡುವ ಮೆದುಳು

(ಮರಿಯಮ್ಮನಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿಗೆ ನಾನು ವಿಷಯ ತಿಳಿಸಿದಾಗ ಇಲ್ಲಿನ ಹಿರಿಯರೊಬ್ಬರು ಫೋನ್ ಮಾಡಿ, "ಸರ, ಇದು ನಾಟಕದೋರ ಊರು. ಮೆದುಳು ಗಿದುಳು ಅಂದ್ರ ಜನ ಕುಂದರತಾರೇನ್ರಿ?" ಎಂದು ಕೇಳಿದರು. ಕೂತಿದ್ದೀರಿ, ಸಂತೋಷ. ನನ್ನ ವಿಷಯಕ್ಕೆ ನಾಟಕದವರ ಊರಿಗಿಂತ ಒಳ್ಳೆಯ ಜಾಗ ಸಿಗಲಾರದು ಎಂಬ ಧೈರ್ಯದ ಮೇಲೆಯೇ ನಾನೂ ಬಂದಿದ್ದೇನೆ.

ನಿಮಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ. ಯಾವುದೋ ಊರಿನ ಜಾತ್ರೆ. ಅಲ್ಲಿನ ಹುಡುಗರು ಹೊಲದ ಕೆಲಸ ಮುಗಿಸಿಕೊಂಡು ರಾತ್ರಿ ತಾಲೀಮು ಮಾಡಿ ಒಂದು ಸಾಮಾಜಿಕ ನಾಟಕ ಕಟ್ಟಿದ್ದಾರೆ. ಗಂಡು ಪಾರ್ಟುಗಳೆಲ್ಲ ಊರಿನವರದೇ. ನಾಯಕಿಯ ಪಾರ್ಟಿಗೆ ಮಾತ್ರ ಮರಿಯಮ್ಮನಹಳ್ಳಿಯಿಂದ ಕಲಾವಿದೆ ಬರಬೇಕು. ಆಕೆ ಸಂಜೆ ಬಸ್ಸಿಳಿಯುತ್ತಾರೆ. ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಲೇ ನಾಯಕನ ಪಾರ್ಟಿನ ಹುಡುಗನನ್ನು ಕರೆದು ನಾಲ್ಕು ಮಾತು ಒಪ್ಪಿಸಿಕೊಳ್ಳುತ್ತಾರೆ, ಹಾರ್ಮೋನಿಯಂ ಮಾಸ್ತರರಿಗೆ ತಮ್ಮ ಶ್ರುತಿ ಹೇಳುತ್ತಾರೆ, ಪರದೆ ಎದ್ದ ಮೇಲೆ ರಂಗಕ್ಕೆ ಬರುತ್ತಾರೆ. ನಿನ್ನೆ ಬೇರೆ ಊರು, ಬೇರೆ ನಾಟಕ. ನಾಳೆ ಮತ್ತೊಂದು. ಕೆ. ನಾಗರತ್ನಮ್ಮನವರಂಥ ಕಲಾವಿದೆಯರನ್ನು ಕಂಡ ಊರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರನೆಯ ಸೀನು. ಜನರ ಸಿಳ್ಳೆ ಕೇಳಿ ಉಬ್ಬಿದ ನಾಯಕ ಎರಡು ಪುಟ ಹಾರಿಸಿಬಿಡುತ್ತಾನೆ. ತಂಗಿಯ ಮದುವೆಯ ಮಾತು ಬರುವ ಮೊದಲೇ ತಂಗಿ ಸತ್ತ ದುಃಖಕ್ಕೆ ಎದೆ ಬಡಿದುಕೊಳ್ಳತೊಡಗುತ್ತಾನೆ. ಸೈಡ್‌ವಿಂಗಿನಲ್ಲಿ ಪ್ರಾಂಪ್ಟರ್ ಪುಟ ತಿರುವುತ್ತ ಕಂಗಾಲಾಗಿದ್ದಾನೆ. ನಾಯಕಿ ಒಂದು ಗಳಿಗೆ ಅವನ ಮುಖ ನೋಡಿ, "ಅಯ್ಯ, ಇದೆಂಥ ಕನಸು ಕಂಡು ಎದ್ದು ಬಂದ್ರಿ? ನಿಮ್ಮ ತಂಗಿ ಒಳಗ ಹೂವ ಕಟ್ಟಾಕತ್ಯಾಳ. ಬರ್ರಿ, ಆಕಿ ಮದುವಿ ಮಾತು ಆಡೋಣು" ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಜನ ಅದೂ ನಾಟಕದ ಮಾತೇ ಎಂದುಕೊಂಡಿದ್ದಾರೆ.

ಆ ಒಂದು ಗಳಿಗೆಯಲ್ಲಿ ಆಕೆಯ ಮೆದುಳು ಮಾಡಿದ್ದೇನು? ಬಾಯಿಪಾಠವಾಗಿ ನಾಲಿಗೆಯ ತುದಿಗೇ ಬಂದಿದ್ದ ಮುಂದಿನ ಮಾತನ್ನು ತಡೆಯಿತು. ಕಥೆ ಎಲ್ಲಿಗೆ ಮುಟ್ಟಬೇಕು, ಈಗ ಎಲ್ಲಿದೆ, ಯಾವ ಸಂಗತಿ ಇನ್ನೂ ಜನಕ್ಕೆ ತಿಳಿದಿಲ್ಲ ಎಂಬುದನ್ನೆಲ್ಲ ಮನಸ್ಸಿನಲ್ಲಿ ಎತ್ತಿ ಹಿಡಿಯಿತು. ಹಳೆಯ ದಾರಿ ಬಿಟ್ಟು ಹೊಸದಕ್ಕೆ ಹೊರಳಿತು. ತಡೆಯುವುದು, ಎತ್ತಿ ಹಿಡಿಯುವುದು, ಹೊರಳುವುದು. ಮನೋವಿಜ್ಞಾನದವರು ಎಕ್ಸಿಕ್ಯುಟಿವ್ ಫಂಕ್ಷನ್ ಎನ್ನುವುದು ಮುಖ್ಯವಾಗಿ ಈ ಮೂರನ್ನೇ. ಕನ್ನಡದಲ್ಲಿ ಕಾರ್ಯನಿರ್ವಹಣಾ ಸಾಮರ್ಥ್ಯ ಎಂದಿಟ್ಟುಕೊಳ್ಳೋಣ. 2000ದಲ್ಲಿ ಅಕಿರಾ ಮಿಯಾಕೆ ಮತ್ತು ಸಂಗಡಿಗರು ಕಾಲೇಜು ಹುಡುಗರಿಗೆ ಬಗೆಬಗೆಯ ಪರೀಕ್ಷೆ ಕೊಟ್ಟು ತೋರಿಸಿದ್ದು ಇದನ್ನು: ಈ ಮೂರೂ ಒಂದಕ್ಕೊಂದು ನಂಟಿರುವಂಥವು, ಆದರೂ ಒಂದೇ ಅಲ್ಲ. ಒಂದರಲ್ಲಿ ಗಟ್ಟಿಯಾದವರು ಇನ್ನೊಂದರಲ್ಲಿ ಸಾಧಾರಣರಿರಬಹುದು.

ಹೊಸದಕ್ಕೆ ಹೊಂದಿಕೊಳ್ಳುವ ಗುಣವನ್ನು ನಾವು ಹೊಗಳುವಾಗ ಕಣ್ಣಿಡುವುದು ಹೊಸದರ ಮೇಲೆ. ಮೆದುಳಿನ ಲೆಕ್ಕ ಬೇರೆ. ಅದಕ್ಕೆ ದುಬಾರಿಯಾಗುವುದು ಹಿಡಿದದ್ದನ್ನು ಬಿಡುವ ಕೆಲಸ. ಇವತ್ತು ನಾನು ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಇಷ್ಟನ್ನೇ.

ನಂಬಿಕೆ ಬರದಿದ್ದರೆ ಒಂದು ಆಟ ಆಡೋಣ. ನಾನು ಮೇಜನ್ನು ಒಂದು ಸಲ ಕುಟ್ಟಿದರೆ ನೀವು ಎರಡು ಸಲ ಚಪ್ಪಾಳೆ ತಟ್ಟಿ. ನಾನು ಎರಡು ಸಲ ಕುಟ್ಟಿದರೆ ನೀವು ಒಂದು ಸಲ. (ಸಭೆ ಆಡಿತು.) ಸುಲಭ. ಈಗ ನಿಯಮ ಬೇರೆ. ಒಂದು ಕುಟ್ಟಿದರೆ ಒಂದು ತಟ್ಟಿ. ಎರಡು ಕುಟ್ಟಿದರೆ ಸುಮ್ಮನಿರಿ. (ಹಲವರು ತಟ್ಟಿದರು; ನಗು.) ನೋಡಿ, ಹೊಸ ನಿಯಮ ಯಾರಿಗೂ ಅರ್ಥವಾಗದೆ ಇರಲಿಲ್ಲ. ಹಳೆಯದು ಕೈಯಲ್ಲೇ ಕೂತಿತ್ತು. ಇದು ಬರಿ ಆಟವಲ್ಲ. ಪ್ಯಾರಿಸ್ಸಿನ ಬ್ರೂನೊ ದ್ಯುಬ್ವಾ ಮತ್ತು ಸಂಗಡಿಗರು 2000ದಲ್ಲಿ ರೂಪಿಸಿದ ಒಂದು ಪುಟ್ಟ ಪರೀಕ್ಷೆಯ ಭಾಗ. ರೋಗಿಯ ಹಾಸಿಗೆಯ ಪಕ್ಕದಲ್ಲೇ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಓದು ಬರಹ ಬರಬೇಕಾಗಿಲ್ಲ. ನೀವು ಒಂದೆರಡು ಸಲ ತಪ್ಪಿ, ನಕ್ಕು, ಸರಿಪಡಿಸಿಕೊಂಡಿರಿ. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಕೆಲವರು ತಪ್ಪುತ್ತಲೇ ಹೋಗುತ್ತಾರೆ. ನಿಯಮ ಏನೆಂದು ಕೇಳಿದರೆ ಸರಿಯಾಗಿಯೇ ಹೇಳುತ್ತಾರೆ, ಕೈ ಮಾತ್ರ ತಟ್ಟುತ್ತದೆ.

ಈಗ ಒಂದು ಅಡುಗೆಮನೆಯ ಪ್ರಸಂಗ ಹೇಳುತ್ತೇನೆ. ಈ ಶಾಸ್ತ್ರದಲ್ಲಿ ಇದಕ್ಕಿಂತ ಮನಸ್ಸಿಗೆ ನಾಟುವ ದಾಖಲೆ ನನಗೆ ಗೊತ್ತಿಲ್ಲ. ವೈಲ್ಡರ್ ಪೆನ್‌ಫೀಲ್ಡ್ ಕೆನಡಾದ ಮಾಂಟ್ರಿಯಲ್‌ನ ಹೆಸರಾಂತ ಮೆದುಳು ಶಸ್ತ್ರವೈದ್ಯ. 1928ರ ಡಿಸೆಂಬರಿನಲ್ಲಿ ಅವರ ಮುಂದೆ ಶಸ್ತ್ರಕ್ರಿಯೆಗೆ ಮಲಗಿದ್ದು ಸ್ವಂತ ಅಕ್ಕ ರೂತ್. ಮೆದುಳಿನ ಬಲ ಮುಂಭಾಗದಲ್ಲಿ ಗೆಡ್ಡೆ. ಆ ಕಡೆಯ ಮುಂಭಾಗವನ್ನು ಬಹುಪಾಲು ತೆಗೆಯಬೇಕಾಯಿತು. ಆಕೆ ಉಳಿದರು, ಮನೆಗೆ ಹೋದರು. ಮಾತು ಸರಿ, ನೆನಪು ಸರಿ, ನಡಿಗೆ ಸರಿ, ಮಕ್ಕಳ ಮೇಲಿನ ಅಕ್ಕರೆ ಹಾಗೇ ಇತ್ತು. ಒಂದು ವರ್ಷ ಚಿಲ್ಲರೆ ಕಳೆದ ಮೇಲೆ ತಮ್ಮನನ್ನು ರಾತ್ರಿ ಊಟಕ್ಕೆ ಕರೆದರು. ಅತಿಥಿ ಒಬ್ಬರು, ಮನೆಯವರು ನಾಲ್ವರು. ಇಡೀ ದಿನ ಹುರುಪಿನಿಂದ ಸಿದ್ಧತೆ ಮಾಡಿಕೊಂಡಿದ್ದರು. ತಮ್ಮ ಹೊತ್ತಿಗೆ ಸರಿಯಾಗಿ ಬಂದು ಅಡುಗೆಮನೆಗೆ ಇಣುಕಿದರೆ ಸಾಮಾನೆಲ್ಲ ಎದುರಿಗಿದೆ, ಒಲೆಯ ಮೇಲೆ ಒಂದೆರಡು ಪದಾರ್ಥ ಇವೆ, ಸಲಾಡ್ ಆಗಿಲ್ಲ, ಮಾಂಸವನ್ನು ಒಲೆಗೆ ಇಟ್ಟೇ ಇಲ್ಲ, ಅಕ್ಕ ಕಂಗೆಟ್ಟು ನಿಂತಿದ್ದಾರೆ. ಜೊತೆಗೊಬ್ಬರು ನಿಂತಾಗ ಕೆಲಸ ಬೇಗನೆ ಮುಗಿಯಿತು. ಒಬ್ಬರೇ ಎಲ್ಲವನ್ನೂ ಒಂದು ಹೊತ್ತಿಗೆ ತರಲು ಆಗಲಿಲ್ಲ. ಪೆನ್‌ಫೀಲ್ಡ್ ಇದನ್ನು 1935ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು.

ಇಲ್ಲಿ ಕೂತ ತಾಯಂದಿರಿಗೆ ಇದರ ಭಾರ ಗೊತ್ತು. ಮನೆಗೆ ನಾಲ್ಕು ಜನ ಬೀಗರು ಬಂದಾಗ ಬೇಳೆ ಕುದಿಯುವಷ್ಟರಲ್ಲಿ ಪಲ್ಯ ಹೆಚ್ಚಿ, ಹಿಟ್ಟು ನಾದಿ, ರೊಟ್ಟಿ ಬಡಿಯುತ್ತ ಬಾಗಿಲಲ್ಲಿ ಬಂದವರಿಗೆ ನೀರು ಕೊಟ್ಟು, ಮತ್ತೆ ಹಂಚಿನ ಮೇಲಿನ ರೊಟ್ಟಿ ಹೊತ್ತುವ ಮೊದಲು ಬಂದು ತಿರುವಿ ಹಾಕುವುದನ್ನು ನಾವು ಕೆಲಸ ಎಂದು ಲೆಕ್ಕ ಹಿಡಿಯುವುದಿಲ್ಲ. ಹಿಡಿಯಬೇಕು. ಹಂಚು ಬಿಟ್ಟು ಬಾಗಿಲಿಗೆ, ಬಾಗಿಲು ಬಿಟ್ಟು ಹಂಚಿಗೆ. ಪ್ರತಿ ಸಲವೂ ಒಂದನ್ನು ಬಿಡಬೇಕು, ಬಿಟ್ಟದ್ದು ಮರೆಯಲೂ ಬಾರದು. ಕೆಲಸದಿಂದ ಕೆಲಸಕ್ಕೆ ಹೊರಳುವಾಗ ಒಂದಿಷ್ಟು ಸಮಯ ಸೋರಿಹೋಗುತ್ತದೆ ಎಂದು ಆರ್ಥರ್ ಜೆರ್ಸಿಲ್ಡ್ 1927ರಲ್ಲೇ ಅಳೆದು ತೋರಿಸಿದ್ದರು. ಒಟ್ಟಿಗೆ ನಾಲ್ಕು ಕೆಲಸ ಮಾಡುತ್ತೇನೆ ಎನ್ನುವ ಇಂದಿನ ಆಫೀಸಿನವರು ಇದನ್ನು ಓದಿಲ್ಲವೆಂದು ಕಾಣುತ್ತದೆ.

ಅದೇ ಮಾಂಟ್ರಿಯಲ್‌ನಲ್ಲಿ ಬ್ರೆಂಡಾ ಮಿಲ್ನರ್ 1963ರಲ್ಲಿ ಇನ್ನೊಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ಮೂರ್ಛೆರೋಗಕ್ಕಾಗಿ ಮೆದುಳಿನ ಒಂದೊಂದು ಭಾಗ ತೆಗೆಸಿಕೊಂಡವರಿಗೆ ಅವರು ಇಸ್ಪೀಟಿನಂಥ ಎಲೆಗಳನ್ನು ಕೊಟ್ಟರು. ಎಲೆಗಳ ಮೇಲೆ ಬಣ್ಣ, ಆಕಾರ, ಸಂಖ್ಯೆ ಬೇರೆ ಬೇರೆ. ಎದುರಿಗಿರುವ ನಾಲ್ಕು ಎಲೆಗಳಲ್ಲಿ ಸರಿಹೊಂದುವುದರ ಕೆಳಗೆ ಇಡಬೇಕು. ಯಾವುದಕ್ಕೆ ಹೊಂದಿಸಬೇಕೆಂದು ಹೇಳುವುದಿಲ್ಲ. ಇಟ್ಟಾದ ಮೇಲೆ ಸರಿ ಅಥವಾ ತಪ್ಪು ಎಂದಷ್ಟೇ ಹೇಳುತ್ತಾರೆ. ರೋಗಿ ಬಣ್ಣ ಎಂದು ಕಂಡುಕೊಂಡು ಹತ್ತು ಸಲ ಸತತವಾಗಿ ಸರಿ ಇಟ್ಟ ಕೂಡಲೇ ಪರೀಕ್ಷಕರು ಸದ್ದಿಲ್ಲದೆ ನಿಯಮ ಬದಲಿಸಿ ಆಕಾರಕ್ಕೆ ಹೋಗುತ್ತಾರೆ. ನೀವು ನಾವಾದರೆ ಎರಡು ಮೂರು ತಪ್ಪು ಮಾಡಿ ಹೊರಳುತ್ತೇವೆ. ಮುಂಭಾಗ ತೆಗೆಸಿಕೊಂಡವರು, ಅದರಲ್ಲೂ ಹಣೆಯ ಮೇಲುಬದಿಯ ಭಾಗ ಹೋದವರು, ತಪ್ಪು ಎಂದು ಕೇಳುತ್ತಲೇ ಮತ್ತೆ ಬಣ್ಣಕ್ಕೇ ಇಡುತ್ತಿದ್ದರು. ಬುದ್ಧಿಯ ಸಾಮಾನ್ಯ ಪರೀಕ್ಷೆಗಳಲ್ಲಿ ಅವರ ಅಂಕ ಹೆಚ್ಚೇನೂ ಇಳಿದಿರಲಿಲ್ಲ. ಬುದ್ಧಿವಂತಿಕೆ ಬೇರೆ, ಬಿಡಬಲ್ಲ ಶಕ್ತಿ ಬೇರೆ ಎಂಬುದು ಎಲೆಗಳ ಮೇಲೆ ಕಂಡಿತು.

ಹಾಗಾದರೆ ಬಿಡುವ ಕೆಲಸದ ಯಂತ್ರ ಯಾವುದು? ಹಣೆಯ ಹಿಂದಿನ ಭಾಗವನ್ನು ಪ್ರಿಫ್ರಾಂಟಲ್ ಕಾರ್ಟೆಕ್ಸ್ ಎನ್ನುತ್ತಾರೆ. ಅಲ್ಲಿನ ನರಕೋಶಗಳಿಗೆ ಒಂದು ವಿಶೇಷ ಗುಣವಿದೆ. ಕಣ್ಣೆದುರಿನ ವಸ್ತು ಮರೆಯಾದ ಮೇಲೂ ಅವು ಅದರ ಪರವಾಗಿ ಮಿಡಿಯುತ್ತಲೇ ಇರುತ್ತವೆ. ಮಂಗಗಳಲ್ಲಿ ಇದನ್ನು ವಾಕಿನ್ ಫುಸ್ಟರ್ 1971ರಲ್ಲಿ ಕಂಡರು, ಪೆಟ್ರೀಷಿಯಾ ಗೋಲ್ಡ್‌ಮನ್ ರಾಕಿಚ್ ವರ್ಷಗಟ್ಟಲೆ ಬೆಳೆಸಿದರು. 2001ರಲ್ಲಿ ಅಮೆರಿಕದ ಅರ್ಲ್ ಮಿಲ್ಲರ್ ಅವರ ಪ್ರಯೋಗಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಚಿತ್ರ ಯಾವುದೇ ಇರಲಿ, "ಎರಡೂ ಒಂದೇ ತರಹ ಇದ್ದರೆ ಆರಿಸು" ಎಂಬ ನಿಯಮಕ್ಕೆ ಕೆಲವು ಕೋಶಗಳು ಮಿಡಿದವು, "ಬೇರೆ ಇದ್ದರೆ ಆರಿಸು" ಎಂಬುದಕ್ಕೆ ಬೇರೆ ಕೋಶಗಳು. ಅಂದರೆ ನಿಯಮವೇ ಅಲ್ಲಿ ಜೀವಂತವಾಗಿ ನಿಂತಿತ್ತು.

ಆದರೆ ಹಿಡಿದದ್ದು ಅಲ್ಲಾಡದೆ ನಿಂತರೆ ಹೊಸದು ಒಳಗೆ ಬರುವುದು ಹೇಗೆ? ಇಲ್ಲಿ ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಗಂಟುಗಳ ಪಾತ್ರ ಬರುತ್ತದೆ. ನಮ್ಮ ಕಾಲುವೆಯ ತೂಬಿನಂತೆ ಎಂದರೆ ನಿಮಗೆ ತಟ್ಟನೆ ತಿಳಿಯುತ್ತದೆ. ತೂಬು ಮುಚ್ಚಿದ್ದಾಗ ಗದ್ದೆಯಲ್ಲಿ ನಿಂತ ನೀರು ನಿಂತಂತೆ ಇರುತ್ತದೆ. ತೆರೆದಾಗ ಹೊಸ ನೀರು ನುಗ್ಗುತ್ತದೆ. ಯಾವಾಗ ತೆರೆಯಬೇಕೆಂಬ ಸೂಚನೆಯಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೈ ದೊಡ್ಡದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸಾಯುತ್ತವೆ. ಕೈ ನಡುಗುವುದು ಎಲ್ಲರಿಗೂ ಕಾಣುತ್ತದೆ. ಒಂದು ಯೋಚನೆಯಿಂದ ಇನ್ನೊಂದಕ್ಕೆ ಹೊರಳಲು ಅವರು ಪಡುವ ಕಷ್ಟ ಮನೆಯವರಿಗಷ್ಟೇ ಗೊತ್ತು. ಮೆದುಳಿನ ಎರಡೂ ಅರೆಗಳ ಒಳಮಗ್ಗುಲಲ್ಲಿ ಇರುವ ಸಿಂಗ್ಯುಲೇಟ್ ಎಂಬ ಪಟ್ಟಿಯ ಮುಂಭಾಗ ಮತ್ತೊಂದು ಕೆಲಸ ಮಾಡುತ್ತದೆ. ಎಣಿಸಿದ್ದಕ್ಕೂ ಆಗುತ್ತಿರುವುದಕ್ಕೂ ತಾಳೆಯಾಗದಿದ್ದಾಗ ಎಚ್ಚರಿಸುತ್ತದೆ. ನಾಯಕ ಎರಡು ಪುಟ ಹಾರಿಸಿದ ಗಳಿಗೆಯಲ್ಲಿ ಕಲಾವಿದೆಯ ಮೆದುಳಿನಲ್ಲಿ ಮೊದಲು ಗಂಟೆ ಬಾರಿಸಿದ್ದು ಇದೇ ಇರಬೇಕು.

ಬಿಡುವುದರಲ್ಲೂ ಎರಡು ಬಗೆ. ಕೇಂಬ್ರಿಜ್‌ನ ಡಯಾಸ್, ರಾಬಿನ್ಸ್ ಮತ್ತು ರಾಬರ್ಟ್ಸ್ 1996ರಲ್ಲಿ ಮಾರ್ಮೊಸೆಟ್ ಎಂಬ ಪುಟ್ಟ ಮಂಗಗಳಲ್ಲಿ ಇದನ್ನು ಬಿಡಿಸಿ ತೋರಿಸಿದರು. ಹಣೆಯ ಮಗ್ಗುಲಿನ ಭಾಗ ಹಾಳಾದ ಮಂಗ ಇಷ್ಟು ದಿನ ಆಕಾರ ನೋಡುತ್ತಿದ್ದುದನ್ನು ಬಿಟ್ಟು ಗೆರೆ ನೋಡಲು ಕಲಿಯಲಾರದೆ ಹೋಯಿತು. ಕಣ್ಣುಗುಡ್ಡೆಯ ಮೇಲಿನ ಭಾಗ ಹಾಳಾದ ಮಂಗ ಅದನ್ನು ಕಲಿಯಿತು. ಅದಕ್ಕೆ ಆಗದಿದ್ದು ಬೇರೆ: ನಿನ್ನೆ ತಿನಿಸು ಕೊಟ್ಟ ಗುರುತು ಇವತ್ತು ಕೊಡುತ್ತಿಲ್ಲ ಎಂದಾಗ ಅದನ್ನು ಕೈಬಿಡುವುದು. ನೋಡುವ ದೃಷ್ಟಿಯನ್ನು ಬಿಡುವುದು ಒಂದು, ಲಾಭ ಕೊಟ್ಟದ್ದನ್ನು ಬಿಡುವುದು ಇನ್ನೊಂದು. ಓಸಿ ಆಟದಲ್ಲಿ ಒಮ್ಮೆ ಗೆದ್ದ ನಂಬರಿಗೆ ವರ್ಷಗಟ್ಟಲೆ ದುಡ್ಡು ಕಟ್ಟುವವರನ್ನು ನೀವು ಕಂಡಿರುತ್ತೀರಿ. ಅವರ ಮೆದುಳಿಗೇನೂ ಪೆಟ್ಟು ಬಿದ್ದಿಲ್ಲ, ಆದರೂ ಈ ಎರಡನೆಯ ಬಿಡುವಿಕೆ ಎಲ್ಲರಿಗೂ ಕಷ್ಟ.

ಭಯ, ಅವಮಾನ, ಒತ್ತಡ ಹೆಚ್ಚಾದಾಗ ಈ ವ್ಯವಸ್ಥೆ ಮೊದಲು ಕೈಕೊಡುತ್ತದೆ. ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಹದವಾಗಿದ್ದರೆ ಮುಂಭಾಗ ಚುರುಕು, ಮಿತಿ ಮೀರಿದರೆ ಮಂಕು ಎಂಬುದನ್ನು ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಬಿಡಿಸಿ ತೋರಿಸಿದ್ದಾರೆ. ಬೈಯುತ್ತ ಬಾರಿಸುತ್ತ ಲೆಕ್ಕ ಕಲಿಸುವ ಮೇಷ್ಟರಿಗೆ ಇದನ್ನು ತಿಳಿಸಬೇಕು. ಹುಡುಗ ಹೆದರಿದಷ್ಟೂ ತಪ್ಪು ದಾರಿಯನ್ನೇ ಗಟ್ಟಿಯಾಗಿ ಹಿಡಿಯುತ್ತಾನೆ.

ಮಕ್ಕಳ ಮಾತು ಬಂತು, ಅಂಗನವಾಡಿ ಕಾರ್ಯಕರ್ತೆಯರಿಗೆ ಒಂದು ಮಾತು. ಮೂರು ವರ್ಷದ ಮಗುವಿಗೆ ಕೆಂಪು ಮೊಲ, ನೀಲಿ ದೋಣಿಯ ಚಿತ್ರಗಳನ್ನೂ, ಒಂದಕ್ಕೆ ನೀಲಿ ಮೊಲ ಇನ್ನೊಂದಕ್ಕೆ ಕೆಂಪು ದೋಣಿ ಅಂಟಿಸಿದ ಎರಡು ಡಬ್ಬಿಗಳನ್ನೂ ಕೊಟ್ಟು ಬಣ್ಣ ನೋಡಿ ಬೇರ್ಪಡಿಸು ಎನ್ನಿ, ಮಾಡುತ್ತದೆ. ಈಗ ಚಿತ್ರ ನೋಡಿ ಬೇರ್ಪಡಿಸು ಎನ್ನಿ. ಮತ್ತೆ ಬಣ್ಣಕ್ಕೇ ಹೋಗುತ್ತದೆ. ಮೊಲ ಎಲ್ಲಿಡಬೇಕು ಎಂದು ಕೇಳಿದರೆ ಬೆರಳಿಟ್ಟು ಸರಿಯಾದ ಡಬ್ಬಿ ತೋರಿಸುತ್ತದೆ, ಆ ಮೇಲೆ ಕೈಯಲ್ಲಿದ್ದುದನ್ನು ತಪ್ಪು ಡಬ್ಬಿಗೇ ಹಾಕುತ್ತದೆ. ಕೆನಡಾದ ಫಿಲಿಪ್ ಜೆಲಾಜೊ ಇದನ್ನು ಬೆಳಕಿಗೆ ತಂದರು. ಐದರ ಹೊತ್ತಿಗೆ ಬಹುತೇಕ ಮಕ್ಕಳು ಹೊರಳುತ್ತಾರೆ. ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಹಾಗಾಗಿ "ಹೇಳಿದ್ದು ಗೊತ್ತಾದ್ರೂ ಬೇಕಂತ ಮಾಡ್ತಾನ" ಎಂದು ಮೂರರ ಮಗುವಿನ ಮೇಲೆ ದೂರು ಹೇಳುವ ಮೊದಲು ಸ್ವಲ್ಪ ತಾಳಿ.

ಇಲ್ಲಿವರೆಗೆ ಅಭ್ಯಾಸವನ್ನು ವೈರಿಯೆಂಬಂತೆ ಹೇಳಿದೆ. ಅದು ಅರ್ಧ ಸತ್ಯ. ಇನ್ನರ್ಧ ಇದೇ ಊರಲ್ಲಿದೆ. ಮಂಜಮ್ಮ ಜೋಗತಿಯವರು ಇಲ್ಲಿ ನೆಲೆಸಿದವರು; 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಕಾಳವ್ವ ಜೋಗತಿಯವರಲ್ಲಿ ಅವರು ಕಲಿತ ಜೋಗತಿ ಕುಣಿತದಲ್ಲಿ ತಲೆಯ ಮೇಲೆ ಕೊಡ, ಎರಡೂ ಕೈ ಬಿಡುವು, ಕಾಲಲ್ಲಿ ತಾಳ, ಪಕ್ಕದಲ್ಲಿ ಚೌಡಿಕೆ, ಎದುರಿಗೆ ಜನ. ಹೊಸದಾಗಿ ಕಲಿಯುವವರ ಗಮನವೆಲ್ಲ ಕೊಡದ ಮೇಲೇ ಇರುತ್ತದೆ. ಕತ್ತು ಬಿಗಿ, ಮುಖ ಬಿಗಿ. ಆಗ ಮೆದುಳಿನ ಮುಂಭಾಗ ಪೂರಾ ದುಡಿಯುತ್ತಿರುತ್ತದೆ. ವರ್ಷಗಳ ಸಾಧನೆಯಾದ ಮೇಲೆ ತೂಕ ಹಿಡಿಯುವ ಕೆಲಸ ಹಿಮ್ಮೆದುಳಿಗೂ ಬೇಸಲ್ ಗ್ಯಾಂಗ್ಲಿಯಾಕ್ಕೂ ಇಳಿಯುತ್ತದೆ. ಮುಂಭಾಗಕ್ಕೆ ಬಿಡುವು ಸಿಗುತ್ತದೆ. ಜನರ ಮುಖ ನೋಡಲು, ಹಾಡಿಗೆ ಒಂದು ಹೊಸ ಸಾಲು ಸೇರಿಸಲು, ಕೂಗಿದವನಿಗೆ ಉತ್ತರ ಕೊಡಲು ಆಗ ಅನುವಾಗುತ್ತದೆ. ನಾಟಕದ ಕಲಾವಿದೆಗೂ ಹೀಗೇ. ಮಾತುಗಳು ಅಷ್ಟು ಗಟ್ಟಿಯಾಗಿ ಬಾಯಿಗೆ ಕೂತಿರದಿದ್ದರೆ ತಂಗಿಯನ್ನು ಕನಸಿನಿಂದ ಎಬ್ಬಿಸಿ ತರಲು ಆಕೆಗೆ ಪುರಸೊತ್ತು ಎಲ್ಲಿರುತ್ತಿತ್ತು?

ಇನ್ನೊಂದು ಸಂಗತಿಯನ್ನು ಸಂಡೂರಿನ ಗಣಿಗಳಲ್ಲಿ ದುಡಿದವರು ನನಗಿಂತ ಚೆನ್ನಾಗಿ ಊಹಿಸಬಲ್ಲರು. 1848ರ ಸೆಪ್ಟೆಂಬರ್ 13. ಅಮೆರಿಕದ ವರ್ಮಾಂಟಿನಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುತ್ತಿದ್ದರು. ಮೇಸ್ತ್ರಿ ಫಿನಿಯಾಸ್ ಗೇಜ್, ವಯಸ್ಸು 25. ಬಂಡೆಯ ತೂತಿಗೆ ಮದ್ದು ತುಂಬಿ ಕಬ್ಬಿಣದ ಸಲಾಕೆಯಿಂದ ಜಡಿಯುವಾಗ ಕಿಡಿ ಹಾರಿತು. 3 ಅಡಿ 7 ಅಂಗುಲ ಉದ್ದ, 6 ಕಿಲೋ ತೂಕದ ಸಲಾಕೆ ಎಡಗೆನ್ನೆಯ ಕೆಳಗಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಆತ ಎದ್ದು ಕೂತ, ಮಾತಾಡಿದ, ಬದುಕಿದ. ವೈದ್ಯ ಜಾನ್ ಹಾರ್ಲೊ ಬರೆದಂತೆ, ಆಮೇಲೆ ಅವನು ಹಳೆಯ ಗೇಜ್ ಆಗಿ ಉಳಿಯಲಿಲ್ಲ. ಒರಟ, ಹಠಮಾರಿ, ಒಂದು ಯೋಜನೆ ಹಾಕಿ ಅರ್ಧಕ್ಕೇ ಬಿಡುವವ.

ಪಠ್ಯಪುಸ್ತಕಗಳು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತವೆ. ನನಗೆ ಮುಖ್ಯವೆನಿಸುವುದು ಮುಂದಿನದು. ಗೇಜ್ 1852ರಲ್ಲಿ ಚಿಲಿ ದೇಶಕ್ಕೆ ಹೋಗಿ ಸುಮಾರು ಏಳು ವರ್ಷ ಕುದುರೆಗಾಡಿ ಹೊಡೆದ. ಹಲವು ಕುದುರೆಗಳ ಲಗಾಮು, ಕೆಟ್ಟ ರಸ್ತೆ, ಪ್ರಯಾಣಿಕರು, ಗೊತ್ತಿಲ್ಲದ ಭಾಷೆ. ಗತಿಗೆಟ್ಟ ಮೆದುಳಿನವನು ಇದನ್ನು ಮಾಡಲಾರ. ಗೇಜನ ದಾಖಲೆಗಳನ್ನೆಲ್ಲ ಜಾಲಾಡಿದ ಮಾಲ್ಕಮ್ ಮ್ಯಾಕ್‌ಮಿಲನ್ ಹೇಳುವಂತೆ ದಿನವೂ ಅದೇ ಹೊತ್ತು, ಅದೇ ದಾರಿ, ಒಂದಾದ ಮೇಲೆ ಒಂದು ಎಂಬ ಕಟ್ಟುಪಾಡಿನ ಕೆಲಸವೇ ಅವನನ್ನು ಮೇಲೆತ್ತಿರಬಹುದು. ಇದು ನನಗೆ ಒಪ್ಪಿಗೆ. ಹೊರಗಿನ ಕ್ರಮ ಒಳಗಿನ ಕೊರತೆಯನ್ನು ಎಷ್ಟೋ ತುಂಬುತ್ತದೆ. ಪೆನ್‌ಫೀಲ್ಡರ ಅಕ್ಕನ ಅಡುಗೆಮನೆಯಲ್ಲಿ ಜೊತೆಗೊಬ್ಬರು ನಿಂತಾಗ ಆದದ್ದೂ ಅದೇ.

ನಮ್ಮ ಸೀಮೆಯ ಭಾಷೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ತಾಂಡಾದ ಹುಡುಗಿ ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ, ಕಂಪ್ಲಿ ಬಳ್ಳಾರಿ ಕಡೆ ಹೋದರೆ ತೆಲುಗು, ಪಕ್ಕದ ಮನೆಯವರೊಡನೆ ಉರ್ದು ಮಾತಾಡುತ್ತಾಳೆ. ಒಂದು ಭಾಷೆ ಆಡುವಾಗ ಉಳಿದವನ್ನು ತಡೆದಿಡಬೇಕು. ಇದರಿಂದ ಮೆದುಳಿಗೆ ಲಾಭವುಂಟೆ? ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಮರೆಗುಳಿ ಕಾಯಿಲೆಯ 648 ಜನರನ್ನು ನೋಡಿ 2013ರಲ್ಲಿ ಪ್ರಕಟಿಸಿದ ಪ್ರಕಾರ ಎರಡು ಭಾಷೆಯವರಿಗೆ ಕಾಯಿಲೆ ಕಾಣಿಸಿದ್ದು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಶಾಲೆಯ ಮುಖ ಕಾಣದವರಲ್ಲೂ ಈ ಅಂತರವಿತ್ತು, ಹಾಗಾಗಿ ಓದಿನ ಲಾಭ ಎಂದು ತಳ್ಳಿಹಾಕುವಂತಿಲ್ಲ. ಮೂರು ನಾಲ್ಕು ಭಾಷೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಇನ್ನೊಂದು ಕಡೆ, ಎರಡು ಭಾಷೆಯವರು ಕಾರ್ಯನಿರ್ವಹಣೆಯ ಪರೀಕ್ಷೆಗಳಲ್ಲಿ ಮುಂದಿರುತ್ತಾರೆಯೇ ಎಂದು ಮಿನ್ನಾ ಲೆಹ್ಟೊನೆನ್ ಮತ್ತು ಸಂಗಡಿಗರು 2018ರಲ್ಲಿ 152 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ ಹೇಳಿಕೊಳ್ಳುವಂಥ ಮೇಲುಗೈ ಸಿಗಲಿಲ್ಲ. ಎರಡೂ ಮಾತು ಒಟ್ಟಿಗೆ ನಿಜವಿರಬಹುದು. ಲಂಬಾಣಿ ಬಿಡಿಸಿ ಮಕ್ಕಳನ್ನು ಬರಿ ಇಂಗ್ಲಿಷಿಗೆ ಹಚ್ಚುವ ಆತುರದವರು ಅವಸರ ಮಾಡಬಾರದು ಎಂಬಷ್ಟಕ್ಕೆ ಹೈದರಾಬಾದಿನ ಲೆಕ್ಕ ಸಾಕು. ಮೊಬೈಲಿನ ಮೆದುಳಿನ ಕಸರತ್ತಿನ ಆಟಗಳಿಗೆ ದುಡ್ಡು ಕಟ್ಟುವವರಿಗೂ ಒಂದು ಕಿವಿಮಾತು: ಲ್ಯುಮಾಸಿಟಿ ಎಂಬ ಅಂಥ ಆಟದ ಕಂಪನಿ ತನ್ನ ಜಾಹೀರಾತಿಗೆ ತಕ್ಕ ಪುರಾವೆಯಿಲ್ಲವೆಂಬ ಆರೋಪಕ್ಕೆ 2016ರಲ್ಲಿ ಅಮೆರಿಕ ಸರ್ಕಾರಕ್ಕೆ 20 ಲಕ್ಷ ಡಾಲರ್ ತೆತ್ತಿತು. ಆಟ ಆಡಿದರೆ ಆ ಆಟ ಚೆನ್ನಾಗಿ ಬರುತ್ತದೆ. ಅಡುಗೆಮನೆ, ಅಂಗಡಿ, ರಂಗ ಎಲ್ಲಕ್ಕೂ ಅದು ದಾಟುವುದು ಅಪರೂಪ.

ಕೊನೆಗೆ, ನಾನು ಮುಖ್ಯವಾಗಿ ಹೇಳಲು ಬಂದ ಮಾತು. ಈ ಊರಿನ ಮಗ್ಗುಲಲ್ಲೇ ಹೆದ್ದಾರಿ, ಅದಿರಿನ ಲಾರಿಗಳ ಓಡಾಟ, ಹೆಲ್ಮೆಟ್ ಪೆಟ್ರೋಲ್ ಟ್ಯಾಂಕಿನ ಮೇಲೆ. ಬೈಕಿನಿಂದ ಬಿದ್ದಾಗ ತಲೆಬುರುಡೆ ನಿಂತರೂ ಒಳಗಿನ ಮೆದುಳು ಮುಂದಕ್ಕೆ ಜಾರುತ್ತದೆ. ಕಣ್ಣುಗುಳಿಗಳ ಮೇಲಿನ ಬುರುಡೆಯ ನೆಲ ಉಬ್ಬುತಗ್ಗಿನ ಒರಟು ಜಾಗ. ಪೆಟ್ಟು ತಲೆಯ ಹಿಂಬದಿಗೆ ಬಿದ್ದಿದ್ದರೂ ಮೆದುಳಿನ ಮುಂಭಾಗದ ತಳ ಅಲ್ಲಿ ಉಜ್ಜಿ ಗಾಯವಾಗುವುದು ಬಹಳ ಸಾಮಾನ್ಯ. ಹದಿನೈದು ದಿನಕ್ಕೆ ಮನುಷ್ಯ ನಡೆದುಕೊಂಡು ಮನೆಗೆ ಬರುತ್ತಾನೆ. ಹೆಸರು ಹೇಳುತ್ತಾನೆ, ಲೆಕ್ಕ ಹೇಳುತ್ತಾನೆ. ಸ್ಕ್ಯಾನಿನಲ್ಲಿ ಹೆಚ್ಚೇನೂ ಕಾಣದೆಯೂ ಇರಬಹುದು. ಮೂರು ತಿಂಗಳಾದ ಮೇಲೆ ಹೆಂಡತಿ ಬಂದು ಹೇಳುವುದು ಹೀಗೆ: "ಎಲ್ಲಾ ಚಲೋ ಅದಾರ್ರೀ, ಆದ್ರ ಮೊದ್ಲಿನ ಮನುಷ್ಯ ಅಲ್ಲ. ಸಾಮಾನು ತರಾಕ ಹೋದ್ರ ಒಂದ ತಂದು ಉಳಿದಿದ್ದು ಬಿಡ್ತಾರ. ಒಂದು ಮಾತು ಹಿಡದ್ರ ಮುಂಜಾನಿಂದ ಸಂಜಿತನಕ ಅದನ್ನ." ಮನೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ, ಗಾಳಿ ಸೋಂಕಿದೆ ಎನ್ನುತ್ತಾರೆ, ಕುಡಿತಕ್ಕೆ ಬಿದ್ದ ಎನ್ನುತ್ತಾರೆ. ಕೈ ಮುರಿದರೆ ಪರಿಹಾರದ ಕೇಸಿನಲ್ಲಿ ಎಲ್ಲರಿಗೂ ಕಾಣುತ್ತದೆ, ಈ ನಷ್ಟಕ್ಕೆ ಸಾಕ್ಷಿ ಹೇಳುವವರೇ ಇರುವುದಿಲ್ಲ. ಇದು ಮೆದುಳಿನ ಗಾಯ. ಹಾಗೆಂದು ಮೊದಲು ಒಪ್ಪಿಕೊಳ್ಳಬೇಕು.

ಮನೆಯಲ್ಲಿ ಮಾಡಬಹುದಾದ್ದು ಸಾಕಷ್ಟಿದೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ದಿನದ ಕ್ರಮ ಬದಲಿಸಬೇಡಿ. ಮಾಡಬೇಕಾದ್ದನ್ನು ಗೋಡೆಗೆ ಬರೆದು ಅಂಟಿಸಿ, ಓದು ಬಾರದಿದ್ದರೆ ಚಿತ್ರ ಬಿಡಿಸಿ. ಮೊಬೈಲಿನಲ್ಲಿ ಗಂಟೆ ಇಡಿ. ಇಯಾನ್ ರಾಬರ್ಟ್‌ಸನ್, ಬ್ರಯನ್ ಲೆವಿನ್ ಮೊದಲಾದವರು ರೂಪಿಸಿದ ತರಬೇತಿಯೊಂದರ ತಿರುಳು ಇಷ್ಟೇ: ಕೆಲಸದ ನಡುವೆ ಆಗಾಗ ನಿಲ್ಲುವುದು, "ನಾನೀಗ ಏನು ಮಾಡಲು ಹೊರಟಿದ್ದೆ?" ಎಂದು ಬಾಯಿಬಿಟ್ಟು ಕೇಳಿಕೊಳ್ಳುವುದು. ಮೊದಮೊದಲು ಮನೆಯವರೇ ಸೈಡ್‌ವಿಂಗಿನಲ್ಲಿ ನಿಂತು ನೆನಪಿಸಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪರೀಕ್ಷೆಗಳಿವೆ. ನಮ್ಮ ದೇಶದ ಜನರ ವಯಸ್ಸು, ಓದಿನ ಮಟ್ಟಕ್ಕೆ ತಕ್ಕಂತೆ ಅವನ್ನು ಹೊಂದಿಸಿ 2004ರಲ್ಲಿ ಪ್ರಕಟಿಸಿದ್ದಾರೆ. ಅಲ್ಲಿಗಾಗಲಿ ಜಿಲ್ಲಾ ಆಸ್ಪತ್ರೆಗಾಗಲಿ ಹೋದಾಗ "ಮರೆವು ಜಾಸ್ತಿ" ಎಂದಷ್ಟೇ ಹೇಳಬೇಡಿ. ಹಾಗೆಂದರೆ ಬರಿ ನೆನಪನ್ನೇ ಪರೀಕ್ಷಿಸಿ, ಸರಿ ಇದೆ ಎಂದು ಕಳಿಸಬಹುದು. ಅಪಘಾತದ ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಅರ್ಧಕ್ಕೆ ನಿಲ್ಲುತ್ತದೆ, ಎಲ್ಲಿ ನಿಲ್ಲುತ್ತದೆ, ಪಕ್ಕದಲ್ಲಿ ಒಬ್ಬರು ನಿಂತರೆ ಮುಗಿಯುತ್ತದೆಯೇ ಎಂಬುದನ್ನು ಹೇಳಿ. ಹೇಳುವವರು ರೋಗಿಯಲ್ಲ, ಮನೆಯಲ್ಲಿ ಜೊತೆಗಿರುವವರು ಆಗಿರಲಿ. ರೋಗಿಯನ್ನು ಕೇಳಿದರೆ ತನಗೇನೂ ಆಗಿಲ್ಲ ಎಂದೇ ಹೇಳುವುದು ಹೆಚ್ಚು. ಅದೂ ಆ ಗಾಯದ್ದೇ ಒಂದು ಲಕ್ಷಣ.

ಇನ್ನು ನೀವು ಕೇಳಿ.